ಸೋಯಾ ಪುಡಿಗೆ ಹದ ಕಂಡವಳು

ನೈಲ್ ದಂಡೆಯ ಮಿನ್ಯಾ ಊರಿನ ಆಸ್ಪತ್ರೆಯ ತೂಕದ ಯಂತ್ರ ನೂರಿಪ್ಪತ್ತು ಕಿಲೋಗೆ ನಿಂತುಬಿಡುತ್ತಿತ್ತು. ಹಾಗಾಗಿ ಗಲೀಲಾಳನ್ನು ತೂಗಲು ಪಕ್ಕದ ಬೀದಿಯ ಹಿಟ್ಟಿನ ಗಿರಣಿಗೆ ಕರೆದುಕೊಂಡು ಹೋಗಬೇಕಾಯಿತು. ಗೋಧಿ ಮೂಟೆ ಇಡುವ ಕಬ್ಬಿಣದ ಹಲಗೆಯ ಮೇಲೆ ಅವಳು ಹತ್ತಿ ನಿಂತಾಗ ಗಿರಣಿಯವನು ಮರ್ಯಾದೆಗೆಂದು ಮುಖ ಅತ್ತ ತಿರುಗಿಸಿಕೊಂಡ. ಜೊತೆಗೆ ಬಂದಿದ್ದ ನರ್ಸು ಮುಳ್ಳು ನೋಡಿ ನೂರಮೂವತ್ತೊಂದು ಎಂದು ಬರೆದುಕೊಂಡಳು.

"ಚೀಲದ ತೂಕ ಕಳೆದ್ರಾ?" ಎಂದು ಕೇಳಿದಳು ಗಲೀಲಾ.

ಗಿರಣಿಯವನಿಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಆದರೆ ಆಸ್ಪತ್ರೆಗೆ ವಾಪಸು ನಡೆಯುವ ಇನ್ನೂರು ಹೆಜ್ಜೆಯಲ್ಲಿ ಮೂರು ಸಲ ನಿಂತು ಗೋಡೆಗೆ ಒರಗಿದಳು. ಆಗ ಮಾತ್ರ ಅವಳ ಮುಖದಲ್ಲಿ ನಗು ಇರಲಿಲ್ಲ.

ಗಲೀಲಾ ಹಬೀಬ್ ಮದುವೆ ಅಡುಗೆಯವಳು. ವಯಸ್ಸು ಐವತ್ತನಾಲ್ಕು. ಗಂಡ ರೈಲ್ವೆಯಲ್ಲಿ ಗುಮಾಸ್ತನಾಗಿದ್ದವನು, ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಮಗ ವಗೀಹ್ ಹೆಂಡತಿ ಮಕ್ಕಳೊಂದಿಗೆ ಅದೇ ಮನೆಯ ಮೇಲಿನ ಮಹಡಿಯಲ್ಲಿದ್ದ. ಅವನ ಹೆಸರು ಹಿಡಿದು ಊರವರು ಅವಳನ್ನು ಉಮ್ಮ್ ವಗೀಹ್, ಅಂದರೆ ವಗೀಹನ ತಾಯಿ, ಎಂದು ಕರೆಯುತ್ತಿದ್ದರು. ನೈಲ್ ನದಿಯ ಈ ದಡದಲ್ಲಿ ಯಾರ ಮನೆಯಲ್ಲಿ ಮದುವೆಯಿದ್ದರೂ, ಅವರು ಇಗರ್ಜಿಗೆ ಹೋಗುವವರಿರಲಿ ಮಸೀದಿಗೆ ಹೋಗುವವರಿರಲಿ, ದಿನ ಗೊತ್ತುಮಾಡುವ ಮೊದಲು ಗಲೀಲಾ ಬಿಡುವಾಗಿದ್ದಾಳೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಕೋಸಿನೆಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸುವ ಮಹ್ಶಿಯನ್ನು ಅವಳು ಕಿರುಬೆರಳಿನಷ್ಟು ಸಣ್ಣಗೆ ಸುತ್ತುತ್ತಿದ್ದಳು. ಅವಳು ತುಂಬಿದ ಬಾತುಕೋಳಿಯನ್ನು ತಿಂದವರು ಮುಂದಿನ ಮದುವೆಯವರೆಗೆ ಅದರ ಮಾತಾಡುತ್ತಿದ್ದರು.

ಈ ಕೆಲಸದಲ್ಲಿ ಅವಳಿಗೆ ಇಪ್ಪತ್ತೆರಡು ವರ್ಷದಿಂದ ಜೊತೆಯಾಗಿದ್ದವಳು ಅದೇ ಓಣಿಯ ಇತಿಮಾದ್. ಮೆಕ್ಕಾ ಯಾತ್ರೆ ಮುಗಿಸಿ ಬಂದವಳಾದ್ದರಿಂದ ಎಲ್ಲರಿಗೂ ಹಾಜಮ್ಮ. ರಂಜಾನ್ ತಿಂಗಳಲ್ಲಿ ಹಗಲು ಹಾಜಮ್ಮ ಬಾಯಿಗೆ ನೀರೂ ಹಾಕುವಂತಿಲ್ಲ, ಆಗ ಉಪ್ಪು ಹುಳಿ ನೋಡುವವಳು ಗಲೀಲಾ. ಈಸ್ಟರ್‌ಗೆ ಮುಂಚಿನ ಐವತ್ತೈದು ದಿನದ ದೊಡ್ಡ ಉಪವಾಸದಲ್ಲಿ ಗಲೀಲಾ ಮಾಂಸ, ತುಪ್ಪ, ಹಾಲು ಮುಟ್ಟುವಂತಿಲ್ಲ, ಆಗ ನೋಡುವವಳು ಹಾಜಮ್ಮ. ಹೀಗೆ ಒಬ್ಬರ ನಾಲಿಗೆಯನ್ನು ಇನ್ನೊಬ್ಬರು ನಂಬಿಕೊಂಡೇ ಇಬ್ಬರೂ ಬದುಕಿದ್ದರು. ಹಾಜಮ್ಮನ ಕೈ ಉಪ್ಪಿನಲ್ಲಿ ಸ್ವಲ್ಪ ಮುಂದು ಎನ್ನುವುದೊಂದೇ ಗಲೀಲಾಳ ದೂರು.

ಗಲೀಲಾಳಿಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷವಾಗಿತ್ತು. ಬೆಳಿಗ್ಗೆ ಸಂಜೆ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಚುಚ್ಚಿಕೊಂಡ ಮೇಲೆ ಏನು ತಿಂದರೂ ನಡೆಯುತ್ತದೆ ಎಂದು ಅವಳ ಲೆಕ್ಕ. ಕಾಲು ಜೋಮು ಹಿಡಿದಂತಿರುತ್ತದೆ ಎಂದು ಒಮ್ಮೊಮ್ಮೆ ಹೇಳಿಕೊಳ್ಳುತ್ತಿದ್ದಳೇ ಹೊರತು ಅದನ್ನು ದೊಡ್ಡದು ಮಾಡಿರಲಿಲ್ಲ.

ಆ ವರ್ಷದ ಜನವರಿಯಲ್ಲಿ ಸಮಾಲೂತ್ ಕಡೆಯ ಒಂದು ಹಳ್ಳಿಯಲ್ಲಿ ಮದುವೆ. ಬಯಲಿನಲ್ಲಿ ಒಲೆ ಹೂಡಿದ್ದರು. ಮಧ್ಯಾಹ್ನದ ಹೊತ್ತಿಗೆ ಹಾಜಮ್ಮ ಮೂಗು ಅರಳಿಸಿ, ರಬ್ಬರ್ ಸುಟ್ಟ ವಾಸನೆ ಬರುತ್ತಿದೆ ಎಂದಳು. ಗ್ಯಾಸಿನ ಕೊಳವೆ ನೋಡಿದರು, ಪ್ಲಾಸ್ಟಿಕ್ ಕೊಡಗಳನ್ನು ಎತ್ತಿ ನೋಡಿದರು. ಗಲೀಲಾ ಸುಮ್ಮನೆ ನಿಂತು ಬಾತುಕೋಳಿಗೆ ಈರುಳ್ಳಿ ತುಂಬುತ್ತಿದ್ದಳು. ಹಾಜಮ್ಮನ ಕಣ್ಣು ಕೊನೆಗೆ ಅವಳ ಕಾಲಿನ ಮೇಲೆ ಬಿತ್ತು.

"ಉಮ್ಮ್ ವಗೀಹ್, ಕಾಲೆತ್ತು. ಕಾಲೆತ್ತು ಅಂದೆ."

ಚಪ್ಪಲಿಯ ಕೆಳಗೆ ನಿಗಿನಿಗಿ ಕೆಂಡವಿತ್ತು. ಅಟ್ಟೆ ಕರಗಿ, ಅಂಗಾಲಿನಲ್ಲಿ ಅಂಗೈ ಅರ್ಧದಷ್ಟು ಬೊಕ್ಕೆ ಎದ್ದಿತ್ತು. ಗಲೀಲಾಳಿಗೆ ಏನೂ ಗೊತ್ತಾಗಿರಲಿಲ್ಲ. ಕಾಲನ್ನು ನೀರಿನ ಬೋಗುಣಿಯಲ್ಲಿಟ್ಟುಕೊಂಡು, ಕುರ್ಚಿಯಲ್ಲಿ ಕೂತೇ ಅವಳು ಮದುವೆಯ ಅಡುಗೆ ಮುಗಿಸಿದಳು. ನೋವಾಗಿದ್ದರೆ ಅಳಬಹುದಿತ್ತು, ನೋವೇ ಆಗಲಿಲ್ಲವಲ್ಲ ಎನ್ನುವುದು ಇಬ್ಬರನ್ನೂ ಹೆದರಿಸಿತ್ತು.

ಗಾಯ ಮಾಯಲು ಆರು ವಾರ ಹಿಡಿಯಿತು. ಪಟ್ಟಿ ಬಿಚ್ಚಿದ ದಿನ ಶಸ್ತ್ರವೈದ್ಯರು, ಈ ಸಲ ಚರ್ಮ ಹೋಯಿತು, ಇನ್ನೊಂದು ಸಲ ಹೀಗಾದರೆ ಬೆರಳು ಹೋಗುತ್ತದೆ, ಅದಾದಮೇಲೆ ಪಾದ ಎಂದು ನೇರವಾಗಿ ಹೇಳಿದರು. ಹೇಳಿ, ಮೂರನೇ ಮಹಡಿಯ ಡಾಕ್ಟರ್ ರಾಂದಾಳ ಹತ್ತಿರ ಕಳಿಸಿದರು.

ರಾಂದಾಳಿಗೆ ಮೂವತ್ತೊಂದು ವರ್ಷ. ಅಲೆಕ್ಸಾಂಡ್ರಿಯಾದಲ್ಲಿ ಓದಿ ಬಂದ ಆಹಾರ ವೈದ್ಯೆ, ಕಡ್ಡಿಯಂಥ ಹುಡುಗಿ. ಗಲೀಲಾಳನ್ನು ಮೊದಲ ದಿನವೇ ಹಿಟ್ಟಿನ ಗಿರಣಿಗೆ ಕಳಿಸಿ ತೂಗಿಸಿದ್ದು ಅವಳೇ. ಸಕ್ಕರೆ ಕಾಯಿಲೆಯ ದಪ್ಪ ಮೈಯವರಿಗಾಗಿ ಅವಳು ಹೊಸದೊಂದು ಯೋಜನೆ ಶುರುಮಾಡಿದ್ದಳು. ಆಸ್ಪತ್ರೆಯ ಸಮಿತಿಯವರು ಮೂವತ್ತು ಜನಕ್ಕೆ ಆಗುವಷ್ಟು ಸೋಯಾ ಪುಡಿ ತರಿಸಿಕೊಟ್ಟಿದ್ದರು. ಎಣ್ಣೆ ತೆಗೆದ ಸೋಯಾ ಕಾಳಿನ ಸತ್ವ. ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ, ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ದಿನಕ್ಕೆ ಎರಡು ಊಟದ ಬದಲು ಎರಡು ಲೋಟ ಇದರ ಶೇಕ್, ಮಿಕ್ಕ ಒಂದು ಊಟ ಮನೆಯದು, ಅದೂ ಅಳತೆಯಲ್ಲಿ. ಹನ್ನೆರಡು ವಾರ ಹೀಗೆ. ಆಮೇಲೆ ದಿನಕ್ಕೊಂದು ಲೋಟ. ತೂಕ ಇಳಿದರೆ ಸಕ್ಕರೆಯೂ ಇಳಿಯುತ್ತದೆ ಎಂದು ರಾಂದಾ ವಿವರಿಸಿದಳು. ತಿನ್ನುವುದು ಕಡಿಮೆಯಾಗುವುದರಿಂದ ಇನ್ಸುಲಿನ್ನನ್ನೂ ಅವತ್ತೇ ಅರ್ಧಕ್ಕೆ ಇಳಿಸಬೇಕು ಎಂದು ಎರಡೆರಡು ಸಲ ಒತ್ತಿ ಹೇಳಿದಳು.

ಗಲೀಲಾಳ ಚಿಂತೆ ಬೇರೆಯೇ ಇತ್ತು. ದೊಡ್ಡ ಉಪವಾಸಕ್ಕೆ ನಾಲ್ಕೇ ದಿನ ಉಳಿದಿತ್ತು. ಅವಳು ಪುಡಿಯ ಚೀಲವನ್ನು ಕಂಕುಳಲ್ಲಿಟ್ಟುಕೊಂಡು ನೇರ ಇಗರ್ಜಿಗೆ ಹೋದಳು. ಪಾದ್ರಿ ಅಬೂನಾ ಬೊಕ್ತೊರ್ ಕನ್ನಡಕ ಹಾಕಿಕೊಂಡು ಚೀಲದ ಮೇಲಿನ ಅಕ್ಷರಗಳನ್ನು ಒಂದೂ ಬಿಡದೆ ಓದಿದರು. ಹಾಲಿಲ್ಲ, ಮೊಟ್ಟೆಯಿಲ್ಲ. ಒಂದು ಚಿಟಿಕೆ ಬಾಯಿಗೂ ಹಾಕಿಕೊಂಡರು.

"ಉಪವಾಸಕ್ಕೆ ಸಲ್ಲುತ್ತೆ ಮಗಳೇ," ಎಂದರು. "ರುಚಿ ನೋಡಿದ್ರೆ, ಎರಡು ಉಪವಾಸಕ್ಕೆ ಸಲ್ಲುತ್ತೆ."

ಅಬೂನಾ ಹೇಳಿದ್ದು ಸುಳ್ಳಾಗಲಿಲ್ಲ. ಮೊದಲ ಲೋಟ ಕಲಸಿದಾಗ ನೆಂದ ಗೋಣಿಚೀಲದ ವಾಸನೆ ಬಂತು. ಕುಡಿದರೆ ಸುಣ್ಣ ಕದಡಿದ ನೀರು ಗಂಟಲಿಗೆ ಅಂಟಿಕೊಂಡ ಹಾಗೆ. ಹಾಜಮ್ಮ ಒಂದು ಗುಟುಕು ಕುಡಿದು ಬಚ್ಚಲಿಗೆ ಓಡಿದಳು. ಗಲೀಲಾ ಮೂಗು ಹಿಡಿದು ಕುಡಿದಳು. ಅಂಗಾಲಿನ ಹೊಸ ಚರ್ಮ ಇನ್ನೂ ಗುಲಾಬಿ ಬಣ್ಣಕ್ಕಿತ್ತು, ಅದನ್ನು ನೋಡಿದರೆ ಮೂಗು ಹಿಡಿಯುವುದು ಕಷ್ಟವೆನಿಸುತ್ತಿರಲಿಲ್ಲ.

ಐದನೆಯ ದಿನ ಅವಳೊಂದು ತಪ್ಪು ಮಾಡಿದಳು. ಒಂಬತ್ತು ವರ್ಷದ ಅಭ್ಯಾಸ, ಹಳೆಯ ಅಳತೆಯಲ್ಲೇ ಇನ್ಸುಲಿನ್ ಚುಚ್ಚಿಕೊಂಡಳು. ಅರ್ಧ ಗಂಟೆಗೆಲ್ಲ ಮೈ ಬೆವರಿ, ಕೈ ನಡುಗಿ, ಹಾಜಮ್ಮನ ಹೆಸರೇ ಬಾಯಿಗೆ ಬರದೆ ಹೋಯಿತು. ಹಾಜಮ್ಮ ಸಕ್ಕರೆ ನೀರು ಕುಡಿಸಿ ಮೂರನೇ ಮಹಡಿಗೆ ಎಳೆದುಕೊಂಡು ಹೋದಳು. ರಾಂದಾ ಬೈಯಲಿಲ್ಲ. ಮೈ ಆಗಲೇ ಮಾತು ಕೇಳತೊಡಗಿದೆ, ನೀವೂ ಕೇಳಿ ಎಂದಳು. ಆ ಮಾತು ಗಲೀಲಾಳಿಗೆ ನಾಟಿತು. ಅವತ್ತಿನಿಂದ ಅವಳು ಸೂಜಿಯ ಅಳತೆಯನ್ನು ಅಡುಗೆಮನೆಯ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆದಿಟ್ಟುಕೊಂಡಳು.

ಮೂರನೆಯ ವಾರಕ್ಕೆ ಮೂವತ್ತು ಜನ ಹನ್ನೊಂದಾದರು. ಕಬ್ಬಿನ ಲಾರಿ ಓಡಿಸುವ ಬದ್ರಿ ಎಂಬ ಭಾರೀ ಆಸಾಮಿ, ಪುಡಿಯನ್ನು ಚಹಾಕ್ಕೆ ಸುರಿದು ಮೇಲೆ ನಾಲ್ಕು ಚಮಚ ಸಕ್ಕರೆ ಹಾಕಿಕೊಂಡು ಕುಡಿಯುತ್ತಿದ್ದನಂತೆ. ಸಕ್ಕರೆ ಇನ್ನೂ ಏರಿದ್ದು ಕಂಡು, ಇದೆಲ್ಲ ಮೋಸ ಎಂದು ಚೀಲ ವಾಪಸು ಎಸೆದು ಹೋದ. ಮಿಕ್ಕವರು ಅದನ್ನೂ ಹೇಳದೆ ಬರುವುದನ್ನೇ ಬಿಟ್ಟರು. ನಾಲ್ಕನೆಯ ವಾರ ಗಲೀಲಾ ತಪಾಸಣೆಗೆ ಹೋದಾಗ ರಾಂದಾ ಪುಡಿಯ ಪೆಟ್ಟಿಗೆಗಳ ನಡುವೆ ನೆಲದ ಮೇಲೆ ಕೂತಿದ್ದಳು. ಆರು ವಾರದ ಹೊತ್ತಿಗೆ ಹದಿನೈದು ಜನರಾದರೂ ಇಲ್ಲದಿದ್ದರೆ ಯೋಜನೆ ನಿಲ್ಲಿಸುವುದಾಗಿ ಸಮಿತಿಯವರು ಹೇಳಿದ್ದರು.

ಗಲೀಲಾ ಕುರ್ಚಿ ಎಳೆದುಕೊಂಡು ಕೂತಳು.

"ಡಾಕ್ಟ್ರಮ್ಮ, ಇದನ್ನ ಯಾರು ಮಾಡಿದ್ದು?"

"ಕಾರ್ಖಾನೆಯವರು."

"ಅವರ ಮನೇಲಿ ಅಡುಗೆ ಮಾಡೋರು ಯಾರೂ ಇಲ್ವಾ?"

ರಾಂದಾ ಕಣ್ಣೊರೆಸಿಕೊಂಡು ನಕ್ಕಳು. ಇದು ಔಷಧಿ ಇದ್ದ ಹಾಗೆ, ರುಚಿಗೆ ಅಂತ ಕೊಡೋದಲ್ಲ ಎಂದಳು.

"ಅಲ್ಲೇ ತಪ್ಪಿರೋದು. ದಿನಾ ಎರಡು ಹೊತ್ತು ಹೊಟ್ಟೆ ತುಂಬಿಸೋದು ಔಷಧಿ ಹೇಗಾಗುತ್ತೆ? ಅದು ಊಟ. ಊಟ ಅಂದ್ಮೇಲೆ ಯಾರಾದ್ರೂ ಅದನ್ನ ಬೇಯಿಸಬೇಕು. ಏನು ಹಾಕಬಾರದು, ಅದನ್ನ ಹೇಳಿ."

"ಸಕ್ಕರೆ ಬೇಡ. ಜೇನು, ಎಣ್ಣೆ, ತುಪ್ಪ, ಹಿಟ್ಟು ಯಾವುದೂ ಬೇಡ. ಪುಡಿ ಒಂದು ಅಳತೆಗಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ."

"ಬೆಂಕಿ?"

ರಾಂದಾ ಯೋಚಿಸಿದಳು. "ಹೆಚ್ಚು ಹೊತ್ತು ಕಾಸಿದ್ರೆ ವಿಟಮಿನ್ ಹೋಗುತ್ತೆ. ಅದಕ್ಕೆ ಮಾತ್ರೆ ಬೇರೆ ಕೊಡ್ತೀನಿ. ಬೆಂಕಿ ಹಾಕ್ಕೊಳ್ಳಿ."

ಎಂಟು ದಿನ ಗಲೀಲಾಳ ಅಡುಗೆಮನೆಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಉಪವಾಸದ ಕಾಲವಾದ್ದರಿಂದ ಅವರ ಇಗರ್ಜಿಯ ಮದುವೆಗಳೂ ಇರಲಿಲ್ಲ. ಬಿಸಿನೀರಿಗೆ ನೇರವಾಗಿ ಪುಡಿ ಹಾಕಿದರೆ ಗಂಟುಗಂಟಾಯಿತು. ದಾಸವಾಳದ ಕೆಂಪು ಶರಬತ್ತಿಗೆ ಬೆರೆಸಿದರೆ ಹುಳಿಗೆ ಒಡೆದು ಮೊಸರುಗಡ್ಡೆಯಂತಾಯಿತು. ಬಟ್ಟೆಯಲ್ಲಿ ಕಟ್ಟಿ ನೇತುಹಾಕು, ನಾಳೆ ಚೀಸ್ ಮಾರೋಣ ಎಂದಳು ಹಾಜಮ್ಮ. ನಿಂಬೆಹಣ್ಣು ಹಿಂಡಿದರೂ ಅದೇ ಗತಿ. ಹುಳಿ ಇದಕ್ಕೆ ಆಗಿಬರುವುದಿಲ್ಲ ಎಂದು ಗೊತ್ತಾಯಿತು.

ನಾಲ್ಕನೆಯ ದಿನ ಗಲೀಲಾ ದಪ್ಪ ತಳದ ಬಾಣಲೆ ಕಾಯಲಿಟ್ಟು, ಎಣ್ಣೆಯಿಲ್ಲದೆ ಪುಡಿಯನ್ನು ಸಣ್ಣ ಉರಿಯಲ್ಲಿ ಹುರಿದಳು. ಒಂದು ನಿಮಿಷ ಆಗುತ್ತಿದ್ದಂತೆ ಗೋಣಿಚೀಲದ ವಾಸನೆ ಹೋಯಿತು. ಅದರ ಜಾಗದಲ್ಲಿ, ನದಿಯ ದಂಡೆಯಲ್ಲಿ ಕಾಗದದ ಪೊಟ್ಟಣ ಕಟ್ಟಿ ಮಾರುತ್ತಾರಲ್ಲ, ಆ ಹುರಿಗಡಲೆಯ ಘಮ ಬಂತು. ಗಲೀಲಾ ಒಲೆ ಆರಿಸಿ, ಬಾಣಲೆ ಮುಂದೆ ಹಾಗೇ ನಿಂತಳು. ಇಪ್ಪತ್ತೆರಡು ವರ್ಷ ಜೊತೆಗಿದ್ದ ಹಾಜಮ್ಮನಿಗೆ ಆ ನಿಲುವು ಗೊತ್ತು. ಹದ ಸಿಕ್ಕಿತೆಂದು ತಿಳಿದು ಅವಳು ಪಕ್ಕದ ಒಲೆಗೆ ನೀರಿಟ್ಟಳು.

ಮಿಕ್ಕಿದ್ದು ಸಲೀಸಾಯಿತು. ಹುರಿದ ಪುಡಿಯನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಬೇಕು. ಈರುಳ್ಳಿ, ಜೀರಿಗೆ ಹಾಕಿ ಕುದಿಸಿ ಸೋಸಿದ ನೀರನ್ನು ಅದಕ್ಕೆ ನಿಧಾನವಾಗಿ ಸುರಿಯಬೇಕು. ಕೊನೆಗೆ ಬೆಳ್ಳುಳ್ಳಿ, ಕೊತ್ತಂಬರಿ ಬೀಜ ಜಜ್ಜಿ, ಒಣ ಬಾಣಲೆಯಲ್ಲೇ ಕೆಂಪಗೆ ಮಾಡಿ ಮೇಲೆ ಹಾಕಬೇಕು. ಮುಲೂಖಿಯಾ ಸೊಪ್ಪಿನ ಸಾರಿಗೆ ಒಗ್ಗರಣೆ ಬೀಳುವಾಗ ಅಡುಗೆಯವಳು ಎದೆ ತುಂಬ ಉಸಿರೆಳೆದುಕೊಳ್ಳಬೇಕು, ಇಲ್ಲದಿದ್ದರೆ ಸಾರು ಕೂಡಿಬರುವುದಿಲ್ಲ ಎಂದು ಅಲ್ಲಿನ ಹೆಂಗಸರ ನಂಬಿಕೆ. ಗಲೀಲಾ ಅಭ್ಯಾಸಬಲದಿಂದ ಹಾಗೇ ಮಾಡಿದಳು.

"ಪುಡಿಗೂ ಉಸಿರೆಳೆದ್ಯಲ್ಲೇ," ಎಂದು ಹಾಜಮ್ಮ ನಗತೊಡಗಿದವಳು, ಲೋಟ ಬಾಯಿಗಿಟ್ಟ ಮೇಲೆ ನಗು ನಿಲ್ಲಿಸಿದಳು. ಪೂರ್ತಿ ಕುಡಿದಳು. ಉಪ್ಪು ಸ್ವಲ್ಪ ಕಡಿಮೆ ಎಂದಳು. ಗಲೀಲಾಳಿಗೆ ಅಷ್ಟೇ ಸಾಕಿತ್ತು.

ಬೆಳಗಿನ ಲೋಟಕ್ಕೆ ಬೇರೆ ದಾರಿ ಮಾಡಿದಳು. ಗಟ್ಟಿ ಕಾಫಿ ಕಷಾಯ ತಣಿಸಿ, ಏಲಕ್ಕಿ ಚಕ್ಕೆ ಪುಡಿ ಹಾಕಿ, ಸೋಯಾ ಸೇರಿಸಿ, ಉಪ್ಪಿನಕಾಯಿಯ ಗಾಜಿನ ಭರಣಿಗೆ ಹಾಕಿ ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿದರೆ ಮೇಲೆ ಎರಡು ಬೆರಳು ನೊರೆ ಬರುತ್ತಿತ್ತು. ರಾಂದಾ ಬಂದು ಎಲ್ಲವನ್ನೂ ತೂಗಿ ಅಳೆದು ನೋಡಿ, ತಪ್ಪೇನೂ ಕಾಣದೆ, ತಾನೇ ಎರಡು ಲೋಟ ಕುಡಿದಳು.

ಆಮೇಲೆ ಗಲೀಲಾ ಬಿಟ್ಟುಹೋದವರ ಮನೆ ಹುಡುಕಿಕೊಂಡು ಹೊರಟಳು. ಒಂದು ಕೈಯಲ್ಲಿ ಬಿಸಿ ಸಾರಿನ ಫ್ಲಾಸ್ಕು, ಇನ್ನೊಂದರಲ್ಲಿ ಭರಣಿ. ದಿನಕ್ಕೆ ಇಬ್ಬರ ಮನೆ. ಆ ಹೊತ್ತಿಗೆ ಒಂಬತ್ತು ಕಿಲೋ ಇಳಿದಿದ್ದಳು, ಆದರೂ ಮೆಟ್ಟಿಲು ಹತ್ತುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು. ಕೆಲವರು ಬಾಗಿಲಲ್ಲೇ ನಿಲ್ಲಿಸಿದರು. ಒಬ್ಬಾಕೆ, ನಿನ್ನ ಬಾತುಕೋಳಿ ತಂದಿದ್ದರೆ ಒಳಗೆ ಬಾ ಎಂದಳು. ಗಲೀಲಾ ಬಾಗಿಲಲ್ಲೇ ಲೋಟ ತುಂಬಿ ಕೊಟ್ಟು, ಕುಡಿಯುವವರೆಗೂ ಕದಲಲಿಲ್ಲ.

ಬದ್ರಿಯನ್ನು ಹಿಡಿಯಲು ಲಾರಿ ನಿಲ್ದಾಣಕ್ಕೇ ಹೋಗಬೇಕಾಯಿತು. ಅವನು ಗಾಡಿಯ ನೆರಳಿನಲ್ಲಿ ಕೂತು, ಫೂಲ್ ಕಾಳಿನ ತಟ್ಟೆಗೆ ಐದನೆಯ ರೊಟ್ಟಿ ಅದ್ದುತ್ತಿದ್ದ.

"ಅತ್ತೆ, ಆ ಗೋಡೆಗೆ ಬಳಿಯೋ ಪುಡಿ ನನಗೆ ಬೇಡ," ಎಂದ.

"ಗೋಡೆಗೆ ಬಳಿಯೋದು ಮುಗೀತು. ಇದು ಬೇರೆ. ನನ್ನ ಕೈ ಅಡುಗೆ ಅಂತ ಕುಡಿ, ಡಾಕ್ಟರದ್ದು ಅಂತ ಬೇಡ."

ನಿನ್ನ ತಂಗಿ ಮದುವೆಯಲ್ಲಿ ನಾನು ಬಡಿಸಿದ್ದನ್ನು ಮೂರು ಸಲ ಹಾಕಿಸಿಕೊಂಡವನು ನೀನು ಎಂದು ಅವಳು ನೆನಪಿಸಿದಳು. ಬದ್ರಿ ಕುಡಿದ. ಇನ್ನೊಂದು ಲೋಟ ಕೇಳಿದ. ಸಿಗುವುದಿಲ್ಲ, ಹೊಟ್ಟೆ ತುಂಬಿದೆಯೋ ಇಲ್ಲವೋ ಕಾಲು ಗಂಟೆ ಕೂತು ನೋಡು ಎಂದಳು ಗಲೀಲಾ. ಇಬ್ಬರೂ ಲಾರಿಯ ನೆರಳಿನಲ್ಲಿ ಕೂತರು. ಕಾಲು ಗಂಟೆಯ ಮೇಲೆ ಬದ್ರಿ ಉಳಿದ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಒಳಗಿಟ್ಟ.

ಆರನೆಯ ವಾರ ಸಮಿತಿಯವರು ಲೆಕ್ಕ ನೋಡಲು ಬಂದಾಗ ಮೂರನೇ ಮಹಡಿಯಲ್ಲಿ ಇಪ್ಪತ್ತಾರು ಜನ ಕೂತಿದ್ದರು. ಕೋಣೆಯ ಮೂಲೆಯ ಒಂದು ಒಲೆಯಲ್ಲಿ ಗಲೀಲಾ ಬೆಳ್ಳುಳ್ಳಿ ಹುರಿಯುತ್ತಿದ್ದಳು. ಘಮ ಕೆಳಗಿನ ಔಷಧಿ ಅಂಗಡಿಯವರೆಗೂ ಇಳಿದಿತ್ತು. ಸಮಿತಿಯ ಹಿರಿಯರು ಕಾಗದ ನೋಡುವ ಮೊದಲು ಲೋಟ ಕೇಳಿದರು. ಯೋಜನೆ ಒಂದು ವರ್ಷ ಮುಂದುವರಿಯಿತು.

ಈಸ್ಟರ್ ಆಯಿತು, ಉಪವಾಸ ಮುಗಿಯಿತು, ಮದುವೆಗಳು ಶುರುವಾದವು. ಗಲೀಲಾಳ ತೂಕ ಇಳಿಯುವುದು ಅಲ್ಲಿಗೆ ನಿಂತುಹೋಯಿತು. ಮೂರು ವಾರ ಮುಳ್ಳು ಕದಲಲಿಲ್ಲ. ತಾನು ಅಳತೆ ಮೀರಿ ಒಂದು ತುತ್ತೂ ತಿಂದಿಲ್ಲ ಎಂದು ಅವಳು ಆಣೆ ಇಟ್ಟು ಹೇಳಿದಳು. ರಾಂದಾ ಅವಳಿಗೊಂದು ಖಾಲಿ ಬಟ್ಟಲು ಕೊಟ್ಟು, ಮುಂದಿನ ಮದುವೆಯಲ್ಲಿ ರುಚಿ ನೋಡುವ ಪ್ರತಿ ಚಮಚವನ್ನೂ ಬಾಯಿಗೆ ಹಾಕುವ ಬದಲು ಇದಕ್ಕೆ ಹಾಕಿ ಎಂದಳು. ಸಂಜೆ ಹೊತ್ತಿಗೆ ಬಟ್ಟಲು ತುಂಬಿ, ಇನ್ನೊಂದು ಬಟ್ಟಲು ತಂದಿಟ್ಟು, ಅದೂ ಅರ್ಧಕ್ಕೆ ಬಂದಿತ್ತು. ತುಪ್ಪದಲ್ಲಿ ಮುಳುಗಿದ ಅನ್ನ, ಮಾಂಸದ ಚೂರು, ಬಸ್ಬೂಸಾ ಎಂಬ ರವೆ ಸಿಹಿಯ ಪಾಕ. ಗಲೀಲಾ ಆ ಬಟ್ಟಲುಗಳನ್ನು ಬಹಳ ಹೊತ್ತು ನೋಡಿದಳು. ಮೂವತ್ತು ವರ್ಷ ತಾನು ತಿಂದಿಲ್ಲ ತಿಂದಿಲ್ಲ ಎಂದುಕೊಂಡೇ ತಿಂದಿದ್ದು ಇದು.

ಅಂದಿನಿಂದ ರುಚಿ ನೋಡುವ ಚಮಚ ಹಾಜಮ್ಮನ ಕೈಗೆ ಹೋಯಿತು, ವರ್ಷಪೂರ್ತಿಗೆ. ಗಲೀಲಾ ಮೂಗಿನಿಂದ, ಕಿವಿಯಿಂದ ಅಡುಗೆ ಮಾಡುವುದನ್ನು ಕಲಿತಳು. ಅಕ್ಕಿ ನೀರು ಹೀರಿಕೊಂಡಾಗ ಪಾತ್ರೆಯ ಸದ್ದು ಬದಲಾಗುತ್ತದೆ, ಈರುಳ್ಳಿಯ ಸಿಹಿ ವಾಸನೆ ಒಂದೇ ಕ್ಷಣದಲ್ಲಿ ಕಹಿಗೆ ತಿರುಗುತ್ತದೆ. ಇದೆಲ್ಲ ಅವಳಿಗೆ ಮೊದಲೂ ಗೊತ್ತಿತ್ತು, ನಂಬಿರಲಿಲ್ಲ ಅಷ್ಟೆ. ಉಪ್ಪಿನ ವಿಷಯಕ್ಕೆ ಮಾತ್ರ ಹಾಜಮ್ಮ ಹೇಳಿದ್ದರಲ್ಲಿ ಒಂದು ಪಾಲು ಕಳೆದು ಹಾಕುತ್ತಿದ್ದಳು.

ಬೇಸಿಗೆಯ ಹೊತ್ತಿಗೆ ನೂರೆಂಟಕ್ಕೆ ಇಳಿದಳು. ಕೆನ್ನೆ ಜೋತುಬಿತ್ತು, ಕತ್ತಿನ ಚರ್ಮ ಸಡಿಲವಾಯಿತು, ಕಪ್ಪು ಗೌನು ಗೂಟಕ್ಕೆ ನೇತುಹಾಕಿದಂತೆ ಕಾಣುತ್ತಿತ್ತು. ಊರು ಅದಕ್ಕೆ ತನ್ನದೇ ಅರ್ಥ ಹಚ್ಚಿತು. ಗಲೀಲಾಳಿಗೆ ಕೆಟ್ಟ ಕಾಯಿಲೆಯಂತೆ, ಹೆಸರು ಹೇಳಬಾರದ ಕಾಯಿಲೆ. ಪಾಪ, ಬಾಯಿಬಿಟ್ಟು ಹೇಳಿಕೊಳ್ಳುತ್ತಿಲ್ಲ. ಕರೆಯುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಎಣ್ಣೆ ಗಿರಣಿಯ ಮಾಲೀಕರ ಹೆಂಡತಿ ಉಲ್ಫತ್, ಮಗಳ ಮದುವೆಗೆ ವರ್ಷದ ಹಿಂದೆಯೇ ಹೇಳಿಟ್ಟಿದ್ದವರು, ಆಳಿನ ಕೈಲಿ ಹೇಳಿ ಕಳಿಸಿದರು: ನೀವು ಆರೋಗ್ಯ ನೋಡಿಕೊಳ್ಳಿ, ನಾವು ಬೇರೆಯವರನ್ನು ಗೊತ್ತುಮಾಡಿಕೊಳ್ಳುತ್ತೇವೆ. ಸಾಯುವವಳ ಕೈಯ ಊಟ ಮದುವೆಗೆ ಶುಭವಲ್ಲ ಎಂದು ಅವರು ಆಡಿದ ಮಾತು ಮರುದಿನವೇ ಗಲೀಲಾಳ ಕಿವಿಗೂ ಬಂತು.

ಅವತ್ತು ಅವಳು ಬಸ್ಬೂಸಾದ ತಟ್ಟೆ ಎದುರಿಗಿಟ್ಟುಕೊಂಡು ಅರ್ಧ ಮುಗಿಸಿದಳು. ಪಾಕ ಬೆರಳಿಗಿಳಿಯಿತು, ಬೆರಳನ್ನೂ ನೆಕ್ಕಿದಳು. ಮರುದಿನ ಬೆಳಿಗ್ಗೆ ಸಕ್ಕರೆ ಇನ್ನೂರ ತೊಂಬತ್ತು. ಮುಚ್ಚಿಡಬಹುದಿತ್ತು. ಅವಳು ನೇರ ಹೋಗಿ ರಾಂದಾಳಿಗೆ ಹೇಳಿದಳು. ತೆಳ್ಳಗಿನ ಅಡುಗೆಯವಳನ್ನ ಯಾರೂ ನಂಬಲ್ಲ ಡಾಕ್ಟ್ರಮ್ಮ, ನನ್ನ ದಪ್ಪವೇ ನನ್ನ ಅಂಗಡಿ ಬೋರ್ಡಾಗಿತ್ತು ಎಂದು ಅತ್ತಳು.

ರಾಂದಾ ಪುಸ್ತಕದಲ್ಲಿ ಇನ್ನೂರ ತೊಂಬತ್ತು ಎಂದು ಬರೆದು, ಪುಸ್ತಕ ಮುಚ್ಚಿದಳು. "ಬರಕೊಂಡೆ. ನಿನ್ನೇದು ನಿನ್ನೇಗೆ. ಈಗ ಮಧ್ಯಾಹ್ನದ್ದು ಕಲಸಿ, ಹೊಸಬರು ಕಾಯ್ತಿದಾರೆ."

ಹೊಸಬರೆಂದರೆ ಎರಡನೆಯ ತಂಡ, ನಲವತ್ತು ಜನ. ಪ್ರತಿ ಗುರುವಾರ ಅವರಿಗೆ ಸೋಯಾ ಹದ ಮಾಡುವುದನ್ನು ತೋರಿಸಿಕೊಡುವ ಕೆಲಸವನ್ನು ಆಸ್ಪತ್ರೆ ಗಲೀಲಾಳಿಗೇ ವಹಿಸಿತ್ತು. ಪುಡಿ ಹುರಿಯುವಾಗ ಮಾತು ಬೇಡ, ಮೂಗು ತೆರೆದಿಡಿ ಎಂದು ಶುರುಮಾಡುತ್ತಿದ್ದಳು. ಗಂಡಸರೂ ಒಲೆಯ ಮುಂದೆ ನಿಲ್ಲಬೇಕಿತ್ತು. ಬದ್ರಿ ಅವಳ ಬಲಗೈ ಬಂಟನಾಗಿ, ಭರಣಿ ಕುಲುಕುವ ಕೆಲಸವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅವನೀಗ ಹದಿನಾರು ಕಿಲೋ ಹಗುರಾಗಿದ್ದ.

ಸೆಪ್ಟೆಂಬರಿನ ಒಂದು ಗುರುವಾರ ಎಣ್ಣೆ ಗಿರಣಿಯ ಮಾಲೀಕರು ಬಂದರು. ಎದೆನೋವು ಬಂದು ಹೋಗಿತ್ತು, ಸಕ್ಕರೆ ಮಿತಿಮೀರಿತ್ತು, ವೈದ್ಯರು ಇಲ್ಲಿಗೆ ಕಳಿಸಿದ್ದರು. ಜೊತೆಗೆ ಉಲ್ಫತ್. ಮಾಲೀಕರು ಸಾರಿನ ಲೋಟ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿ, ಇದನ್ನು ಮಾಡಿದವರು ಯಾರು, ನಮ್ಮ ಮನೆಗೆ ಬಂದು ಕಲಿಸುತ್ತಾರೋ ಎಂದು ವಿಚಾರಿಸಿದರು. ಬದ್ರಿ ಗಲೀಲಾಳ ಕಡೆ ತೋರಿಸಿದ. ಅವಳು ಆಗ ನಲವತ್ತು ಜನದ ಸಾರಿನ ಪಾತ್ರೆಯನ್ನು ಒಬ್ಬಳೇ ಎತ್ತಿ ಒಲೆಯಿಂದ ಇಳಿಸುತ್ತಿದ್ದಳು.

ಉಲ್ಫತ್ ಗುರುತು ಹಿಡಿಯಲು ಎರಡು ಸಲ ನೋಡಬೇಕಾಯಿತು. "ಉಮ್ಮ್ ವಗೀಹ್... ನಿಮಗೆ ಹುಷಾರಿಲ್ಲ ಅಂತ ಹೇಳ್ತಿದ್ರು."

"ನಿಜ ಉಲ್ಫತ್ ಅಮ್ಮ. ಒಂಬತ್ತು ವರ್ಷದಿಂದ ಹುಷಾರಿರಲಿಲ್ಲ. ಆಗ ಯಾರೂ ಕೇಳಲಿಲ್ಲ, ಯಾಕಂದ್ರೆ ದಪ್ಪಗಿದ್ದೆ. ಈಗ ಹುಷಾರಾಗ್ತಿದೀನಿ, ಎಲ್ಲರೂ ಅಳ್ತಿದಾರೆ."

ಕೋಣೆಯಲ್ಲಿ ನಗು ಎದ್ದಿತು. ಉಲ್ಫತ್ ಮುಖ ಕೆಂಪಾಯಿತು. ಆದರೆ ಆಕೆ ಒಳ್ಳೆಯ ಹೆಂಗಸು, ಅಲ್ಲೇ ಕೂತು ತಪ್ಪಾಯಿತು ಎಂದು ಒಪ್ಪಿಕೊಂಡರು. ಮಗಳ ಮದುವೆ ಅಕ್ಟೋಬರಿಗೆ ಮುಂದಕ್ಕೆ ಹೋಗಿದೆ, ಬೇರೆಯವರಿಗೆ ಕೊಟ್ಟ ಮಾತನ್ನು ತಾನು ಸರಿಮಾಡಿಕೊಳ್ಳುತ್ತೇನೆ, ನೀವೇ ಬರಬೇಕು ಎಂದರು. ಗಲೀಲಾ ಒಂದೇ ಒಂದು ಷರತ್ತು ಹಾಕಿದಳು: ಬಾತುಕೋಳಿ, ಮಹ್ಶಿ ಎಲ್ಲದರ ಜೊತೆ ತನ್ನ ಸೋಯಾ ಸಾರಿನದೂ ಒಂದು ಹಂಡೆ ಪಂಕ್ತಿಯಲ್ಲಿರಬೇಕು.

ಐನೂರು ಜನ ಉಂಡ ಮದುವೆ ಅದು. ಮೊದಲು ಹುಡುಗಾಟಕ್ಕೆಂದು ಒಬ್ಬಿಬ್ಬರು ಸಾರು ಹಾಕಿಸಿಕೊಂಡರು. ಆಮೇಲೆ ಸಕ್ಕರೆ ಕಾಯಿಲೆಯವರು ಬಂದರು, ಅವರು ಬಂದದ್ದು ನೋಡಿ ಮಿಕ್ಕವರು ಬಂದರು. ಪಂಕ್ತಿ ಮುಗಿಯುವ ಹೊತ್ತಿಗೆ ಬಾತುಕೋಳಿ ನಾಲ್ಕು ಉಳಿದಿದ್ದವು. ಹಂಡೆಯ ತಳದಲ್ಲಿ ಸೌಟಿಗೆ ಸಿಗುವಂಥದ್ದೇನೂ ಇರಲಿಲ್ಲ. ಮದುಮಗನ ತಾಯಿ ಅಡುಗೆಯವರ ಜಾಗಕ್ಕೇ ಬಂದು, ಇದರ ಹದ ತನಗೂ ಬೇಕು ಎಂದಳು. ಹಾಜಮ್ಮ ತಲೆವಸ್ತ್ರದ ಅಂಚಿನಿಂದ ಮುಖ ಒರೆಸಿಕೊಂಡು, ಗುರುವಾರ ಆಸ್ಪತ್ರೆಗೆ ಬನ್ನಿ, ಬರುವಾಗ ಉಪ್ಪಿನಕಾಯಿ ಭರಣಿ ತನ್ನಿ ಎಂದು ಡಾಕ್ಟರರ ಗತ್ತಿನಲ್ಲಿ ಹೇಳಿದಳು.

ಡಿಸೆಂಬರಿನಲ್ಲಿ ರಾಂದಾ ರಕ್ತದ ವರದಿ ಓದಿದಳು. ಮೂರು ತಿಂಗಳ ಸಕ್ಕರೆಯ ಸರಾಸರಿ ಒಂಬತ್ತೂವರೆಯಿಂದ ಆರೂಕಾಲಿಗೆ ಬಂದಿತ್ತು. ಇನ್ಸುಲಿನ್ ನಿಂತು ಏಳು ವಾರವಾಗಿತ್ತು. ಒಂದು ಮಾತ್ರೆ ಉಳಿದಿತ್ತು. ತೂಕ ತೊಂಬತ್ತೇಳು. ಅಂಗಾಲಿನ ಜೋಮು ಪೂರ್ತಿ ಹೋಗಲಿಲ್ಲ, ಹೋಗದೆಯೂ ಇರಬಹುದು ಎಂದು ರಾಂದಾ ಮುಚ್ಚುಮರೆಯಿಲ್ಲದೆ ಹೇಳಿದಳು. ಗಲೀಲಾ ಅದಕ್ಕೆ ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಪಾದ ನೋಡಿಕೊಳ್ಳುವುದನ್ನು ರೂಢಿ ಮಾಡಿಕೊಂಡಳು, ದಪ್ಪ ಅಟ್ಟೆಯ ಬೂಟು ಕೊಂಡಳು. ಮೊದಲ ತಂಡದ ಇಪ್ಪತ್ತಾರು ಜನರಲ್ಲಿ ಒಂಬತ್ತು ಜನಕ್ಕೆ ಸೂಜಿ ತಪ್ಪಿತ್ತು. ಬನಿ ಸುಯೆಫ್‌ನ ಒಂದು ಆಸ್ಪತ್ರೆಯವರು ಗಲೀಲಾಳನ್ನು ಕಳಿಸಿಕೊಡಿ ಎಂದು ಕೇಳಿ ಬರೆದಿದ್ದರು. ಮಂಗಳವಾರ ಬೆಳಗಿನ ರೈಲಿಗೆ ಅವಳು, ಹಾಜಮ್ಮ, ಒಂದು ದಪ್ಪ ತಳದ ಬಾಣಲೆ.

ಫೆಬ್ರವರಿಯಲ್ಲಿ ಬದ್ರಿ ಒಂದು ಯೋಚನೆ ತಂದ. ನದಿಯ ಆಚೆ ದಡದ ಹಕ್ಕಿಬೆಟ್ಟದ ಮೇಲೆ ಕ್ರೈಸ್ತರ ಮಾತೆ ಮರಿಯಮ್ಮನ ಹಳೆಯ ಮಠವಿದೆ. ಬಂಡೆಯಲ್ಲಿ ಕಡಿದ ನೂರ ಅರವತ್ತಾರು ಮೆಟ್ಟಿಲು. ಈಗ ಕಾರಿನ ರಸ್ತೆಯಾಗಿದೆ, ಆದರೂ ಮೆಟ್ಟಿಲು ಹತ್ತಿಯೇ ಹೋಗೋಣ ಎಂದ. ಒಂದು ಶುಕ್ರವಾರ ಬೆಳಿಗ್ಗೆ ಮೂವತ್ತೆಂಟು ಜನ ದೋಣಿ ದಾಟಿದರು. ಗಲೀಲಾಳ ಕಾಲಿಗಾಗಿ ಹರಕೆ ಹೊತ್ತಿದ್ದ ಹಾಜಮ್ಮನೂ ಬಂದಳು. ಮರಿಯಮ್ಮ ತಮಗೂ ತಾಯಿಯೇ ಎಂದು ಅವಳ ವಾದ. ಗಲೀಲಾ ಈ ಮೆಟ್ಟಿಲು ಹತ್ತಿ ಹನ್ನೊಂದು ವರ್ಷವಾಗಿತ್ತು. ಮಿಕ್ಕವರು ಮೇಲೆ ಹೋಗಿ ಬರುವವರೆಗೆ ಕೆಳಗೆ ಕೂತು ಅಡುಗೆ ಕಾಯುವುದು ಅವಳ ಪಾಲಿಗೆ ಬರುತ್ತಿತ್ತು.

ಅವತ್ತು ಅವಳೂ ಹತ್ತಿದಳು. ತೊಂಬತ್ತನೆಯ ಮೆಟ್ಟಿಲಲ್ಲಿ ಒಮ್ಮೆ ನಿಂತಳು. ನಿಂತದ್ದು ಉಸಿರಿಗಲ್ಲ, ಕೆಳಗೆ ಹಸಿರು ಕಬ್ಬಿನ ಗದ್ದೆಯ ನಡುವೆ ನದಿ ತಿರುಗುವುದನ್ನು ನೋಡಲಿಕ್ಕೆ. ಕಡ್ಡಿಯಂಥ ರಾಂದಾ ಹಿಂದೆ ಬಿದ್ದಿದ್ದಳು, ಪಕ್ಕೆ ಹಿಡಿದುಕೊಂಡಿದ್ದಳು.

"ಕೂತ್ಕೊಳ್ಳಿ ಡಾಕ್ಟ್ರಮ್ಮ, ಅವಸರ ಏನಿಲ್ಲ," ಎಂದಳು ಗಲೀಲಾ. "ಬೆಳಿಗ್ಗೆ ಏನು ತಿಂದಿರಿ?"

"ಬಿಸ್ಕತ್ತು."

"ಅದಕ್ಕೇ."

ಮಠದ ಬಾಗಿಲಿಗೆ ಎಲ್ಲರಿಗಿಂತ ಮೊದಲು ಮುಟ್ಟಿದವಳು ಅವಳೇ. ಬಾಗಿಲ ಕಲ್ಲಿಗೆ ಹಣೆ ತಾಗಿಸಿದಳು, ಮೇಣದ ಬತ್ತಿ ಹಚ್ಚಿದಳು. ಹೊರಗೆ ಬಂದು ಲೆಕ್ಕ ನೋಡಿದರೆ ಮೂವತ್ತೈದು ಜನ ಮೇಲೆ ಬಂದಿದ್ದರು. ಇಣುಕಿದಳು. ನಡುವಿನ ತಿರುವಿನಲ್ಲಿ ಹೊಸ ತಂಡದ ಇಬ್ಬರು ಹೆಂಗಸರು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು, ಇನ್ನು ತಮ್ಮ ಕೈಲಾಗದು ಎನ್ನುವಂತೆ ಬದ್ರಿಯ ಕಡೆ ಕೈ ಆಡಿಸುತ್ತಿದ್ದರು. ಬದ್ರಿ ಏನು ಮಾಡಬೇಕೆಂದು ತೋಚದೆ ಭರಣಿ ಹಿಡಿದು ನಿಂತಿದ್ದ.

ಗಲೀಲಾ ಗೌನಿನ ಅಂಚು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಂಬತ್ತು ಮೆಟ್ಟಿಲು ಇಳಿದು ಹೋಗಿ, ಅವರಿಬ್ಬರ ನಡುವೆ ನಿಂತು ಎರಡೂ ಕೈ ಚಾಚಿದಳು. ಮೇಲಿನಿಂದ ನೋಡುತ್ತಿದ್ದವರಿಗೆ ಅವಳು ಏನು ಹೇಳಿದಳೆಂದು ಕೇಳಿಸಲಿಲ್ಲ. ಹೆಂಗಸರಿಬ್ಬರೂ ನಗುತ್ತಾ ಎದ್ದದ್ದು ಕಾಣಿಸಿತು. ಆಮೇಲೆ ಗಲೀಲಾ ಅವರನ್ನು ಹಿಡಿದುಕೊಂಡು ಅದೇ ಎಂಬತ್ತು ಮೆಟ್ಟಿಲನ್ನು ಎರಡನೆಯ ಸಲ ಹತ್ತಿದಳು.